ಹಗ್ಗದ ಗಾಳೆವ್ವ

ಭಾಳ ಹಿಂದ, ನಮ್ಮ ಕಡೀದ ಒಂದು ಊರಾಗ ಹಗ್ಗದ ಗಾಳೆವ್ವ ಅಂತ ಒಬ್ಬಾಕಿ ಇದ್ಲಂತ. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ. ಹೇಳಿದ ನಮ್ಮವ್ವಗೂ ಗೊತ್ತಿರಲಿಲ್ಲ, ನನಗಂತೂ ಈಗ ಕುಂತು ಏಳೂದ ಸಾಕಾಗೈತಿ. ಸುಮ್ನ ಕೇಳ್ರಿ.

ಆ ಊರ ನೆಲಾ ಬರೇ ಕಲ್ಲು. ನೀರು ಬೇಕಂದ್ರ ಬಂಡೆಗಲ್ಲು ಒಡೀಬೇಕು. ಭಾವಿ ತೋಡವರು ಬುಟ್ಟ್ಯಾಗ ಕುಂತು ಇಳಿಯೋರು, ಮ್ಯಾಲಿನವರು ಹಗ್ಗ ಬಿಡೋರು. ಗಾಳೆವ್ವನ ಗಂಡ ಹುಚ್ಚೀರಪ್ಪನೂ ಭಾವಿ ತೋಡವನ. ಆಕಿ ಪುಂಡಿನಾರು ಹೊಸೆದು ಹಗ್ಗ ಮಾಡಾಕಿ. ಹಗ್ಗಕ್ಕ ಕಿವಿ ಹಚ್ಚಿದ್ರ ಅದು ಆಕಿ ಕೂಡ ಮಾತಾಡತಿತ್ತಂತ, ಹಂಗ ಅಂತಾರ. ಮಾತಾಡತಿತ್ತೋ ಇಲ್ಲೋ, ನಾ ಏನು ಹೋಗಿ ನೋಡೇನೇನು? ಒಮ್ಮೆ ಹಿಡದು ಜಗ್ಗಿದ್ರ ಅದರ ಹಣೇಬರಾ ಹೇಳತಿದ್ಲು, ಅದು ಖರೆ.

ಆ ಮಂದಿಗೆ ಒಂದು ಪದ್ಧತಿ ಇತ್ತು. ಹೊಸಾ ಹಗ್ಗದ ಮ್ಯಾಲ ಮನಷಾನ್ನ ಇಳಿಸತಿರಲಿಲ್ಲ. ಯಾಕಂದ್ರ ಹೊಸಾದು ಭಾರ ಬಿದ್ದ ಕೂಡಲೆ ಉದ್ದ ಆಕ್ಕೈತಿ, ಬುಟ್ಟಿ ನಡುಭಾವ್ಯಾಗ ಕುಣೀತೈತಿ, ಕುಂತವನ ಜೀವ ಬಾಯಿಗೆ ಬರತೈತಿ. ಅದಕ್ಕ ಮೊದಲು ಆ ಹಗ್ಗದಿಂದ ಕಲ್ಲು ಎತ್ತಿಸೋರು. ಎತ್ತಿಸಿ, ಎತ್ತಿಸಿ, ಅದು ಉದ್ದಾಗೂದು ನಿಂತ ಮ್ಯಾಲ, ಹಗ್ಗ ಪಳಗಿತು ಅಂತ ಹೇಳಿ ಮನಷಾರನ್ನ ಇಳಿಸೋರು.

ಗಾಳೆವ್ವ ಬ್ಯಾಡ ಅಂದ್ಲಂತ. ಜಗ್ಗಿದ್ರ ಉದ್ದಾಗಿ, ಬಿಟ್ಟ ಕೂಡಲೆ ತನ್ನ ಅಳತಿಗೆ ತಿರುಗಿ ಬರೋ ಹಗ್ಗದಾಗ ಇನ್ನೂ ಜೀವ ಐತಿ. ಕಲ್ಲು ಎತ್ತಿ ಎತ್ತಿ ಉದ್ದಾಗೂದು ನಿಂತ ಈ ಹಗ್ಗ ಪಳಗಿಲ್ರಪ್ಪಾ, ದಣದೈತಿ. ದಣದದ್ದು ಹೇಳದ ಕೇಳದ ಹರೀತೈತಿ ಅಂದ್ಲಂತ. ಮಂದಿ ನಕ್ರು. ತೋಡವರ ಹಿರ್ಯಾ ದ್ಯಾಮಜ್ಜ, ನಮ್ಮ ಅಪ್ಪ, ಅಜ್ಜ ಎಲ್ಲಾ ಪಳಗಿದ ಹಗ್ಗದ ಮ್ಯಾಲ ಇಳದು ಬಂದಾರ, ನೀ ನಮಗ ಕಲಸಾಕ ಬರಬ್ಯಾಡ ಅಂದ. ಗಂಡನೂ, "ಸುಮ್ನಿರಬೇ, ಅಜ್ಜನಕಿಂತ ನೀ ಶ್ಯಾಣ್ಯಾಕೇನು?" ಅಂದ. ಹೇಳಿ ಹೇಳಿ ಆಕಿ ಬಾಯಿ ಸೋತಿತು. ಕೇಳವರ ಇಲ್ಲದಾಗ ಎಷ್ಟಂತ ಹೇಳ್ಯಾಳು?

ಹಿಂಗ ಇರತ, ಹೊಸಾ ಭಾವ್ಯಾಗ ಕಲ್ಲಿನ ಸಂದ್ಯಾಗ ತ್ಯಾವ ಕಂಡಿತು. ಊರಿಗೆ ಊರ ಓಡಿ ಬಂತು. ಹುಚ್ಚೀರಪ್ಪ ಪಳಗಿದ ಹಗ್ಗದ ಬುಟ್ಟ್ಯಾಗ ಕುಂತ. ಗಾಳೆವ್ವ ಆ ಹಗ್ಗ ಹಿಡದು ಜಗ್ಗಿ ನೋಡಿ ಕೈ ಮುಗದ್ಲು. ಯಜ್ಜಾ, ನಿನ್ನ ಕಾಲಿಗೆ ಬೀಳತೀನಿ, ನನ್ನ ಹೊಸಾ ಹಗ್ಗ ಹಾಕಸು ಅಂದ್ಲು. ದ್ಯಾಮಜ್ಜ ಹಗ್ಗಕ್ಕ ಕೈ ಬಡದು, "ಗಟ್ಟಿ ಐತಿ, ಇಳಸ್ರಲೇ" ಅಂದ. ಇಳಸಿದ್ರು. ಅರ್ಧಕ್ಕ ಹೋಗಿರಬೇಕು, ಹಗ್ಗ ಹರೀತು.

ಮ್ಯಾಲ ನಿಂತವರ ಕೈಯಾಗ ತುಂಡು ಉಳೀತು. ಕೂಗಿದ್ರು, ಕೆಳಗಿಂದ ಉತ್ತರ ಇಲ್ಲ. ಇಳದು ತರಬೇಕಲ್ಲ, ಯಾರು ಇಳೀತಾರ? ಹಳೇ ಹಗ್ಗ ಅಂದ್ರ ಅಂಜಿಕಿ, ಹೊಸಾದಂದ್ರ ಮೊದಲಿಂದ ಅಂಜಿಕಿ. ದ್ಯಾಮಜ್ಜ ನೆಲಾ ನೋಡಕೋತ ಕುಂತ. ಗಾಳೆವ್ವ ಅಳಲಿಲ್ಲಂತ, ಯಾರನ್ನೂ ಬೈಲಿಲ್ಲಂತ. ಮನೀಗೆ ಹೋಗಿ ತಾ ಹೊಸೆದ ಹಗ್ಗ ಹೊತ್ತು ತಂದ್ಲು. ಕಚ್ಚಿ ಹಾಕಿ, ನಡಕ್ಕ ಹಗ್ಗ ಕಟಗೊಂಡು, "ಬಿಡ್ರಿ" ಅಂದ್ಲು. ಅಷ್ಟ.

ಹೋಗುವಾಗ ಒಬ್ಬಾಕಿ, ಬರುವಾಗ ಗಂಡನ್ನೂ ಕಟಗೊಂಡಿದ್ಲು. ಇಬ್ಬರ ಭಾರಕ್ಕ ಆ ಹಗ್ಗ ಎಷ್ಟು ಉದ್ದಾತಂದ್ರ, ಜಗ್ಗವರು ಹಿಂದ ಹಿಂದ ಸರದು ಊರ ಅಗಸಿ ಬಾಗಲಾ ತನಕಾ ಹೋದ್ರಂತ. ನಮ್ಮವ್ವ ಅಗಸಿ ಅಂತಿದ್ಲು, ನಮ್ಮ ಸೋದರತ್ತಿ ಮುಂದಿನ ಊರ ಅಂತಿದ್ಲು. ನೀವು ಬೇಕಾದಷ್ಟು ಉದ್ದ ಮಾಡ್ಕೋರಿ, ನಂದೇನು ಹೋಗೂದೈತಿ. ಆದ್ರ ಹರೀಲಿಲ್ಲ. ಭಾರ ಇಳಸಿದ ಕೂಡಲೆ ಸರ್ರಂತ ತನ್ನ ಅಳತಿಗೆ ಬಂತಂತ, ಹಂಗ ಅಂತಾರ.

ಹುಚ್ಚೀರಪ್ಪಗ ಇನ್ನೂ ಉಸುರಿತ್ತು ಅಂತ ಹೇಳವರೂ ಅದಾರ. ನನಗೂ ಹಂಗ ಹೇಳಬೇಕನಸತೈತಿ, ಈ ವಯಸ್ಸಿನಾಗ ಸತ್ತವರ ಸುದ್ದಿ ಹೇಳಿ ಹೇಳಿ ಬ್ಯಾಸರ ಬಂದೈತಿ. ಆದ್ರ ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ. ಸತ್ತಿದ್ದ.

ಗಾಳೆವ್ವ ಹೆಣದಿಂದ ಹಗ್ಗ ಬಿಚ್ಚಿ ದ್ಯಾಮಜ್ಜನ ಮುಂದ ಇಟ್ಲು. ಇನ್ನ ಮ್ಯಾಲ ಗಟ್ಟಿ ಐತಿ ಅಂದವನ ಮೊದಲು ಇಳೀಲಿ ಅಂದ್ಲಂತ. ಆಮ್ಯಾಲೂ ಆಕಿ ಹಗ್ಗ ಹೊಸಿಯೂದು ಬಿಡಲಿಲ್ಲ. ಹೊಟ್ಟಿ ಕೇಳಬೇಕಲ್ಲ? ಮಂದಿ ಕೂಡ ಮಾತು ಬಿಟ್ಲು, ಅಷ್ಟ.

ಈಗೂ ನಮ್ಮ ಕಡೆ ಭಾವಿ ಹೂಳು ತಗ್ಯಾಕ ಕೂಡಿದಾಗ, ಗಡಗಡಿ ಮ್ಯಾಲ ಹಗ್ಗ ಹಾಕಿ ಹಿರ್ಯಾ ಒಬ್ಬಾಂವ ಕೇಳತಾನ, ಗಟ್ಟಿ ಐತೇನು ಅಂತ. ಹೂಂ ಅಂದವನ ಮೊದಲು ಬುಟ್ಟ್ಯಾಗ ಕುಂದರಬೇಕು. ಎಷ್ಟೋ ಸಲ ಯಾರೂ ಹೂಂ ಅನ್ನೂದಿಲ್ಲ. ಒಬ್ಬ ಕೆಮ್ಮತಾನ, ಒಬ್ಬ ರುಮಾಲು ಸರಿ ಮಾಡಕೋತಾನ. ಕಡೀಕ ಯಾರರ ಒಬ್ಬ ಎದ್ದು ಹೊಸಾ ಹಗ್ಗ ತರಾಕ ಮನೀಗೆ ಹೋಗತಾನ.