ಕ್ಯಾಂಪಿಗೆ ಹೋದ ತಿಪ್ಪೇಶ

ನಗು ಬಂದರೆ ನಕ್ಕುಬಿಡಿ, ಆದರೆ ಹುಡುಗನನ್ನು ಮಾತ್ರ ಬೈಯಬೇಡಿ. ಬಂಡೆಗುಡ್ಡದ ಬುಡದಲ್ಲಿ ಒಂದೂರು. ಆ ಊರಲ್ಲಿ ಹೊನ್ನೂರಮ್ಮ, ಅವಳಿಗೊಬ್ಬ ಮಗ ತಿಪ್ಪೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲು ಉಕ್ಕೋದನ್ನ ನೋಡು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುವವನು! "ಇವನನ್ನ ಕಟ್ಕೊಂಡು ಏನ್ ಮಾಡ್ಲಪ್ಪಾ?" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಸೋಮವಾರ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಸಿದ್ಲಿಂಗಪ್ಪನವರು ಸಾರಿದರು: "ಶನಿವಾರ, ಭಾನುವಾರ ಗುಡ್ಡದ ಮೇಲೆ ಕ್ಯಾಂಪು! ಮಿಲಿಟರಿ ಶಿಸ್ತು! ವಾರವೆಲ್ಲ ತಾಲೀಮು! ತಪ್ಪು ಮಾಡಿದೋನ ಹೆಸರು ಹೊಡೆದು ಹಾಕ್ತೀನಿ!"

ಹೊನ್ನೂರಮ್ಮ ಮಗನ ಕೈ ಹಿಡಿದಳು. "ಊರೆಲ್ಲ ನಿನ್ನ ಪೆದ್ದ ಅಂತದೆ ಕಣ್ಲಾ. ಒಂದೇ ಒಂದ್ಸಲ, ಕ್ಯಾಂಪು ಮುಗಿಸಿ ಬಾ. ನನ್ನ ಹೊಟ್ಟೆ ತಣ್ಣಗಾಗ್ಲಿ."

"ಮುಗಿಸೇ ಬರ್ತೀನವ್ವಾ!"

ಮಂಗಳವಾರ ಮೇಷ್ಟ್ರು "ಸಾವಧಾನ್!" ಅಂದರು. "ನಾನು ವಿಶ್ರಾಮ್ ಅನ್ನೋವರೆಗೂ ಅಲ್ಲಾಡಬಾರದು!" ಅಷ್ಟರಲ್ಲಿ ಬೆಲ್ಲು ಹೊಡೆಯಿತು. ವಿಶ್ರಾಮ್ ಅನ್ನೋದು ಮರೆತು ಮೇಷ್ಟ್ರು ಮನೆಗೆ ಹೋದರು. ಹುಡುಗರೂ ಹೋದರು. ತಿಪ್ಪೇಶ ನಿಂತ. ನಿಂತೇ ನಿಂತ. ತಲೆಯ ಮೇಲೆ ಕಾಗೆ ಬಂದು ಕೂತರೂ ನಿಂತ. ಸಂಜೆ ಅವ್ವ ಹುಡುಕಿಕೊಂಡು ಬಂದಳು.

"ಅಯ್ಯೋ ಪೆದ್ದೇ! ಮುಂದಿರೋನು ಏನ್ ಮಾಡ್ತಾನೋ ಅದನ್ನೇ ನೀನೂ ಮಾಡ್ಬೇಕು ಕಣ್ಲಾ!"

"ಹಂಗೇ ಮಾಡ್ತೀನವ್ವಾ!"

ಬುಧವಾರ ಸಾಲಾಗಿ ಓಟ. ತಿಪ್ಪೇಶನ ಮುಂದೆ ಮಾರಣ್ಣ. ಅರ್ಧ ದಾರೀಲಿ ಮಾರಣ್ಣನಿಗೆ ಹೊಟ್ಟೆನೋವು ಬಂತು. ಅವನು ಕುಸಿದು ಬಿದ್ದ, ತಿಪ್ಪೇಶನೂ ಬಿದ್ದ. ಅವನು ಆಸ್ಪತ್ರೆ ಕಡೆ ಹೋದ, ಇವನೂ ಹೋದ. ಅವನು ಸೂಜಿ ಚುಚ್ಚಿಸಿಕೊಂಡ, ಇವನೂ ತೋಳು ಚಾಚಿದ! ನರ್ಸಮ್ಮ ಓಡಿಸಿಬಿಟ್ಟಳು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು.

"ಜೊತೆಗಾರ ಬಿದ್ರೆ ನೀನೂ ಬೀಳೋದಲ್ಲ ಕಣೋ! ಹೆಗಲ ಮೇಲೆ ಹೊತ್ತು ಗೆರೆ ದಾಟಿಸ್ಬೇಕು! ಎಷ್ಟೇ ಕೂಗಿಕೊಳ್ಳಲಿ, ನಡುವೆ ಇಳಿಸಬಾರದು!"

"ಇಳಿಸಲ್ಲ ಸಾರ್!"

ಗುರುವಾರ ಊಟ ಮುಗಿದ ಹೊತ್ತು. ಬೇವಿನ ಮರದಡಿ ಹೆಡ್ಮಾಸ್ಟ್ರು ಚಾಪೆ ಹಾಕಿಕೊಂಡು ಮಲಗಿದ್ದರು. ತಿಪ್ಪೇಶ ನೋಡಿದ. ಬಿದ್ದಿದ್ದಾರೆ! ಎತ್ತಿ ಹೆಗಲಿಗೆ ಹಾಕಿಕೊಂಡು ಓಡಿದ. "ಇಳಿಸೋ! ಇಳಿಸೋ!" ಅಂತ ಹೆಡ್ಮಾಸ್ಟ್ರು ಬಡಿದುಕೊಂಡರು. ಇಳಿಸುತ್ತಾನೆಯೇ? ಮೈದಾನದ ಗೆರೆ ದಾಟಿಸಿಯೇ ಇಳಿಸಿದ.

"ಕತ್ತೆ!" ಹೆಡ್ಮಾಸ್ಟ್ರು ಗುಡುಗಿದರು. "ಮೊದಲು ಕೇಳಬೇಕು! ಯಾರೇ ಆಗ್ಲಿ, ಕೇಳಬೇಕು! ಸರಿಯಾದ ಉತ್ತರ ಬಂದ ಮೇಲೇ ಮುಂದಿನ ಕೆಲಸ!"

"ಕೇಳ್ತೀನಿ ಸಾರ್!"

ಸಿದ್ಲಿಂಗಪ್ಪನವರು ಅವನ ಹೆಸರು ಹೊಡೆಯಲು ಪಟ್ಟಿ, ಪೆನ್ನು ತೆಗೆದರು. ಹೊನ್ನೂರಮ್ಮ ಓಡಿಬಂದು ಕೈ ಮುಗಿದಳು. "ಇರ್ಲಿ ಬಿಡಿ ಸಾಮಿ, ಹೇಳಿದ್ದನ್ನ ಅವನಷ್ಟು ಪಾಲಿಸೋರು ಯಾರವ್ರೆ?" ಮೇಷ್ಟ್ರು ಪೆನ್ನು ಮುಚ್ಚಿದರು. "ಇನ್ನೊಂದು ತಪ್ಪು, ವಾಪಸ್ ಮನೆಗೆ!"

ಶನಿವಾರ ಗುಡ್ಡದ ಮೇಲೆ ಹಗ್ಗ ಸುತ್ತಿ, ಬಾಗಿಲಿಗಷ್ಟು ಜಾಗ ಬಿಟ್ಟು, ನಡುವೆ ಕೆಂಪು ಬಾವುಟ ನೆಟ್ಟರು. ಪಕ್ಕದೂರಿನ ಹುಡುಗರು ಭಾನುವಾರ ಬಂದು ಅದನ್ನು ಕದಿಯಬೇಕು, ಇವರು ಕಾಯಬೇಕು. ಅದೇ ಪಂದ್ಯ. ಭಾನುವಾರ ಬೆಳಿಗ್ಗೆ ಹಗ್ಗದ ಹೊರಗೆ, ಬಾಗಿಲ ಹತ್ತಿರ ತಿಪ್ಪೇಶನ ಕಾವಲು.

ಮೇಷ್ಟ್ರು ಕಿವಿಯಲ್ಲಿ ಹೇಳಿದರು: "ಗುಟ್ಟಿನ ಮಾತು ಹುಣಸೆಬೀಜ. ಅದನ್ನ ಹೇಳಿದೋರು ಒಳಗೆ, ಹೇಳದೋರು ಹೊರಗೆ. ನಾನೇ ಬರಲಿ, ನಿನ್ನವ್ವನೇ ಬರಲಿ! ನಿನ್ನ ಬಾಯಿಂದ ಮಾತ್ರ ಆ ಮಾತು ಬೀಳಬಾರದು!"

"ಬೀಳಲ್ಲ ಸಾರ್!"

ಪಕ್ಕದೂರಿನವರು ಸೌದೆ ಹೊತ್ತು ಬಂದರು. "ಗುಟ್ಟಿನ ಮಾತು?" "ಅಡಿಗೆಗೆ ಸೌದೆ ಕಣಪ್ಪಾ!" "ಅದಲ್ಲ." ಹೊರಗೆ! ಒಬ್ಬ ಮೇಷ್ಟ್ರ ಹಾಗೆ ಟೋಪಿ ಹಾಕಿ, ಸೀಟಿ ಊದಿಕೊಂಡು ಬಂದ. "ಅದಲ್ಲ." ಹೊರಗೆ! ಹೆಡ್ಮಾಸ್ಟ್ರು ಬಂದರು. "ಲೋ, ನಾನು ಕಣೋ!" "ಅದಲ್ಲ ಸಾರ್." ಪಾಪ, ಬಂಡೆಯ ಮೇಲೆ ಕೂತರು. ಮಧ್ಯಾಹ್ನ ಹೊನ್ನೂರಮ್ಮ ರೊಟ್ಟಿ ಗಂಟು ಹೊತ್ತು ಬಂದಳು.

"ಹೆತ್ತವ್ವ ಕಣ್ಲಾ!"

"ಅದಲ್ಲವ್ವಾ."

ಬಿಸಿಲಲ್ಲಿ ಅವನ ಮುಖ ಕೆಂಪಾಗಿತ್ತು. ಆದರೂ ಕೋಲು ಹಿಡಿದು ಅಲ್ಲಾಡದೆ ನಿಂತಿದ್ದ. ಅವಳಿಗೆ ಸಿಟ್ಟು ಬಂತು, ಹೆಮ್ಮೆಯೂ ಬಂತು. ಹೋಗಿ ಹೆಡ್ಮಾಸ್ಟ್ರ ಪಕ್ಕದಲ್ಲಿ ಕೂತಳು.

ಸಂಜೆ ಪಂದ್ಯ ಮುಗಿದ ಸೀಟಿ ಕೇಳಿತು. ಬಾವುಟ ಇದ್ದಲ್ಲೇ ಇತ್ತು! ಸಿದ್ಲಿಂಗಪ್ಪನವರು ಒಳಗಿನಿಂದ ಕೂಗಿದರು: "ಕ್ಯಾಂಪು ಗೆದ್ದೋನು ತಿಪ್ಪೇಶ! ಬಾರೋ ಒಳಗೆ, ಪದಕ ತಗೋ!"

ತಿಪ್ಪೇಶ ಕಾಲೆತ್ತಿದ. ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ತನ್ನನ್ನೇ ಕೇಳಿಕೊಂಡ.

"ಗುಟ್ಟಿನ ಮಾತು?"

"ಗೊತ್ತು, ಆದ್ರೆ ನಾನು ಹೇಳಂಗಿಲ್ಲ."

"ಹಂಗಾದ್ರೆ ಹೊರಗೇ ಇರು!"

"ಅಯ್ಯೋ, ನಾನೇ ಕರೀತಿದ್ದೀನಲ್ಲೋ!" ಅಂದರು ಮೇಷ್ಟ್ರು.

"ಅದಲ್ಲ ಸಾರ್."

ಕೊನೆಗೆ ಮೇಷ್ಟ್ರೇ ಹಗ್ಗ ದಾಟಿ ಹೊರಗೆ ಬಂದು ಅವನ ಎದೆಗೆ ಪದಕ ಚುಚ್ಚಿದರು. ಹೊನ್ನೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನಗುನಗುತ್ತಾ ವಾಪಸ್ ತಿರುಗಿದರು. ಕೋಲು ಅಡ್ಡ ಬಂತು.

"ಗುಟ್ಟಿನ ಮಾತು ಸಾರ್?"

ಖುಷಿಯಲ್ಲಿ ಅವರಿಗೆ ಅದು ಮರೆತೇ ಹೋಗಿತ್ತು! ತಲೆ ಕೆರೆದುಕೊಂಡರು. "ಅದೇ ಕಣೋ... ಏನೋ ಬೀಜ..."

"ಅದಲ್ಲ ಸಾರ್."

ಹೊನ್ನೂರಮ್ಮ ಗಂಟು ಬಿಚ್ಚಿದಳು. "ಬನ್ನಿ ಸಾಮಿ, ನೀವೂ ಕೂತ್ಕಳಿ. ರೊಟ್ಟಿ ಬೇಕಾದಷ್ಟು ಐತೆ."