ಇರುವೆಯಪ್ಪನ ಗುಡಿಯ ಚಪ್ಪಡಿ

ಊಹಿಸಿ ನೋಡೋಣ. ಇಪ್ಪತ್ತೊಂದು ಅಡಿ ಉದ್ದ, ಹದಿಮೂರು ಅಡಿ ಅಗಲದ ಒಂದೇ ಕಲ್ಲು ಎರಡಾಳೆತ್ತರದ ಗೋಡೆಗಳ ಮೇಲೆ ಚಾವಣಿಯಾಗಿ ಕೂತಿದೆ. ಅದು ಕೂತ ಗಳಿಗೆಯಲ್ಲಿ ಅದರ ಮೇಲೆ ಒಬ್ಬ ಮನುಷ್ಯನ ಕೈಯೂ ಇರಲಿಲ್ಲ. ಹಾಗಾದರೆ ಕೂರಿಸಿದವರು ಯಾರು? ಆನೆ ಎನ್ನಬೇಡಿ, ಭೂತ ಎನ್ನಬೇಡಿ. ಈ ಗುಡಿಯಿರುವ ಮಲ್ಲಾರಗಲ್ಲಿಗೆ ಬಂದವರೆಲ್ಲ ಮೊದಲು ಹೇಳುವುದು ಅವೆರಡನ್ನೇ. ಗುಡಿಯೊಳಗಿರುವುದು ಶಿವಲಿಂಗ, ಹೆಸರು ಮಾತ್ರ ಇರುವೆಯಪ್ಪ. ಲಿಂಗಕ್ಕೆ ಹೂವೇರಿಸುವ ಮುನ್ನ ಜನ ಹೊರಗೋಡೆಯ ಬುಡಕ್ಕೆ ಚಿಟಿಕೆ ಬೆಲ್ಲ ಇಡುತ್ತಾರೆ. ಅದೇಕೆಂದು ತಿಳಿದ ದಿನದಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ; ನಿಮ್ಮನ್ನೂ ಬಿಡುವುದಿಲ್ಲ.

ಹಿಂದೆ ಒಮ್ಮೆ ಈ ಗುಡಿ ಕಟ್ಟಿದವನು ಮಾದೋಜನೆಂಬ ಕಲ್ಲುಕುಟಿಗ. ಮಣ್ಣಿನ ಇಳಿಜಾರು ಕಟ್ಟಿ, ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ನೂರಾರು ಜನ ಚಪ್ಪಡಿಯನ್ನು ಗೋಡೆಯ ತಲೆಯವರೆಗೆ ಎಳೆದು ತಂದರು. ನಾವೆಲ್ಲ ಬೆರಗಾಗುವುದು ಅಲ್ಲಿಗೇ. ಆದರೆ ಸ್ವಾಮಿ, ಏರಿಸುವುದಲ್ಲ ಕಷ್ಟ, ಇಳಿಸುವುದು! ದಿಮ್ಮಿ ತೆಗೆದ ಮೇಲೆ ಕಲ್ಲು ಮರದ ಬೆಣೆಗಳ ಮೇಲೆ ನಿಲ್ಲುತ್ತದೆ. ಹಾರೆಗಳಿಂದ ಕಲ್ಲನ್ನು ಚೂರೇ ಮೀಟಿ, ಕೈ ತೂರಿಸಿ ಬೆಣೆಗಳನ್ನು ಕಿತ್ತುಕೊಳ್ಳಬೇಕು. ಕಡೆಯ ಬೆಣೆಯನ್ನು ಮೇಸ್ತ್ರಿಯ ಮನೆಯವರೇ ಕೀಳಬೇಕೆಂಬುದು ಕುಲದ ಕಟ್ಟಳೆ. ಹಾಗೆ ಕಿತ್ತ ಮಾದೋಜನ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳೊಂದೇ. ಈ ಸಲದ ಸರದಿ ಮಗ ಬಮ್ಮೋಜನದು. ಊರೂರಿನವರು ಹುಡುಕಿಕೊಂಡು ಬರುತ್ತಿದ್ದ ಉಳಿಯ ಕೈ ಅವನದು.

ಬಮ್ಮೋಜನ ಹೆಂಡತಿ ನಾಗವ್ವೆ ಆಲೆಮನೆಯವರ ಮಗಳು. ಬೆಣೆಯ ಬದಲು ಗಟ್ಟಿ ಬೆಲ್ಲದ ಅಚ್ಚುಗಳನ್ನು ಕೋಲಿನಿಂದ ತಳ್ಳಿ ಇಡೋಣ, ಆಮೇಲೆ ನೀರು ಹೊಯ್ದು ಕರಗಿಸೋಣ ಎಂದಳು.

"ಗುಡಿ ಕಟ್ಟೋಕ್ ಬಂದಿದೀವೋ, ಹೋಳಿಗೆ ಮಾಡೋಕೋ?" ಎಂದು ಮಾದೋಜ ನಕ್ಕ.

"ಹೋಳಿಗೆ ಮಾಡಿದ್ರೂ ತಿನ್ನೋಕೆ ನಿಮ್ಮ ಮಗನಿಗೆ ಕೈ ಬೇಕಲ್ಲ, ಮಾವಾ" ಎಂದಳಂತೆ. ನಗುತ್ತಿದ್ದ ಆಳುಗಳೇ ಬೆಲ್ಲ ತರಲು ಗಾಡಿ ಹೂಡಿದರು.

ಬೆಲ್ಲ ಇಟ್ಟರು, ಬೆಣೆ ತೆಗೆದರು, ಕಲ್ಲು ನಿಂತಿತು! ನಾಗವ್ವೆ ಕೊಡವೆತ್ತಿದಾಗ ಮಾದೋಜ ಅಡ್ಡ ಬಂದ. "ಒಂದು ಮೂಲೆ ಮೊದಲು ಕರಗಿದ್ರೆ ಕಲ್ಲು ವಾಲಿ ಎರಡು ಹೋಳಾಗುತ್ತೆ ತಾಯಿ. ಇದನ್ನ ನಾವ್ಯಾರೂ ಯೋಚಿಸಲಿಲ್ಲ." ಅವಳ ಕೈ ಅಲ್ಲೇ ನಿಂತಿತು. ಮೂರು ದಿನ ಬೇರೆ ದಾರಿ ಹುಡುಕಿದರು, ಹೊಳೆಯಲಿಲ್ಲ. ನಾಲ್ಕನೆಯ ಬೆಳಗ್ಗೆ ಮತ್ತೆ ಬೆಣೆಯಿಟ್ಟು ಕೀಳುವುದೆಂದು ತೀರ್ಮಾನವಾಯಿತು. ಬಮ್ಮೋಜ ಮಿಂದು, ಮೊಣಕೈಗೆ ಬಟ್ಟೆ ಬಿಗಿದುಕೊಂಡು ಬಂದ.

ಬಂದವನು ಕಿರುಚಿದ. ಬಿಳಿಯ ಗೋಡೆ ನಾಲ್ಕೂ ಕಡೆ ಕಪ್ಪಾಗಿತ್ತು, ಮತ್ತು ಆ ಕಪ್ಪು ಅಲುಗಾಡುತ್ತಿತ್ತು. ಇರುವೆ! ಲಕ್ಷವೋ, ಕೋಟಿಯೋ, ನಾಲ್ಕೂ ಮೂಲೆಯ ಬೆಲ್ಲಕ್ಕೆ ಒಟ್ಟಿಗೇ ಮುತ್ತಿದ್ದವು! ಮಾದೋಜ ಹುಲ್ಲುಕಡ್ಡಿ ಹಿಡಿದು ನಾಲ್ಕು ಮೂಲೆಗಳ ಸಂದನ್ನೂ ಅಳೆದ: ನಾಲ್ಕೂ ಸಮ. ಸಂದು ಕಿರಿದಾದಂತೆ ಕಡ್ಡಿ ಮುರಿದು ಮತ್ತೆ ಅಳೆದ: ಮತ್ತೆ ಸಮ. ಹಾರೆ ಹಿಡಿದಿದ್ದವರು ಕೈಬಿಟ್ಟರು, ಅಂಬಲಿ ತಂದವಳು ಮಡಕೆ ಅಲ್ಲೇ ಹಾಕಿ ಓಡಿದಳು. ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿದ್ದಂತೆಯೇ, ಹೊತ್ತು ನೆತ್ತಿಗೇರುವಷ್ಟರಲ್ಲಿ, ಅಷ್ಟು ದೊಡ್ಡ ಬಂಡೆ ಸದ್ದಿಲ್ಲದೆ ಗೋಡೆಗೆ ಕೂತಿತು ಎನ್ನುತ್ತಾರೆ. ಯಾವ ದೇವರಿಗೂ ಬಾಗದ ಮಾದೋಜ ನೆಲಕ್ಕೆ ಬಿದ್ದು, "ಇರುವೆಯಪ್ಪಾ, ನನ್ ಮಗನ ಕೈ ಉಳಿಸಿದೆಯಪ್ಪಾ!" ಎಂದು ಬೊಬ್ಬೆಯಿಟ್ಟ. ಹೆಸರು ಹುಟ್ಟಿದ್ದು ಹಾಗೆ.

ಈಗಲೂ ನೀವು ಹೋದರೆ ಚಪ್ಪಡಿಯ ಕೆಳಗಿನ ಗೋಡೆಯಲ್ಲಿ, ಬಾಗಿಲ ಬಲಕ್ಕೆ, ಕಲ್ಲಿನಲ್ಲಿ ಕೆತ್ತಿದ ಒಂದು ಅಂಗೈ ಕಾಣುತ್ತದೆ. ಐದು ಬೆರಳೂ ಇವೆ. ಮಣಿಕಟ್ಟಿನ ಸುತ್ತ ಬಳೆಯ ಬದಲು ಇರುವೆಯ ಸಾಲು. ಬಮ್ಮೋಜ ತನ್ನ ಕೈಯನ್ನೇ ನೋಡಿಕೊಂಡು ಕೆತ್ತಿದ್ದು. ಅದರಡಿ, ಕಲ್ಲು ಕೂತ ದಿನ ಹೇಳುವ ಒಂದೇ ಸಾಲಿನ ಬರಹ, ತಡವಿದರೆ ಬೆರಳಿಗೆ ಸಿಗುತ್ತದೆ: ಶಕವರ್ಷ ಸಾವಿರದ ನಲವತ್ತಮೂರು, ಪ್ಲವ ಸಂವತ್ಸರ, ವೈಶಾಖ ಶುದ್ಧ ಪಂಚಮಿ, ಆದಿವಾರ.