ಮುಳ್ಳು ನಟ್ಟನಡುವೆ ನಿಂತಾಗ

ಮನಸ್ಸನ್ನು ತೂಗುವ ತಕ್ಕಡಿಯೊಂದು ಕಬ್ಬಿಣದ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ರೆಕ್ಕೆ ಮುರಿದುಕೊಂಡಿದ್ದ ಹದ್ದಿನ ಮರಿಯನ್ನು ಸಾಕಿ, ಅಂದು ಬೆಳಗ್ಗೆ ಹಾರಲು ಬಿಟ್ಟಿದ್ದ ನೀಲವ್ವ ನಗುತ್ತ, ಅಳುತ್ತ ದೂರದ ಊರಿನಿಂದ ಅಲ್ಲಿಗೆ ಬಂದಳು. ಒಂದು ತಟ್ಟೆಗೆ ಸಂತೋಷವನ್ನೂ ಇನ್ನೊಂದಕ್ಕೆ ದುಃಖವನ್ನೂ ಹಾಕಿದಳು. ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತು ಸಾರಿತು: “ಅವ್ವಾ, ನಿಮ್ಮ ಮನಸ್ಸಿನಲ್ಲಿ ಏನೂ ಇಲ್ಲ. ತಟ್ಟೆ ಖಾಲಿಯಿದ್ದಾಗಲೂ ನಾನು ಹೀಗೇ ನಿಲ್ಲುತ್ತೇನೆ.”

“ಸುಮ್ಮನಿರು!” ಎಂದು ಮೇಲಿನಿಂದ ಕೊಕ್ಕೆ ನರಳಿತು. “ನೀನು ನೋಡುವುದು ಯಾವುದು ಹೆಚ್ಚು, ಯಾವುದು ಕಡಿಮೆ ಎಂದಷ್ಟೇ. ಎರಡನ್ನೂ ಹೊರುವುದು ನಾನು. ಇಷ್ಟು ಭಾರ ನಾನೆಂದೂ ಹೊತ್ತಿಲ್ಲ.”

ಮುಳ್ಳು ಮೊದಲ ಸಲ ಮೇಲೆ ನೋಡಿತು. ಕೊಕ್ಕೆಯ ಬಾಗಿದ ಕಬ್ಬಿಣ ಭಾರಕ್ಕೆ ನೆಟ್ಟಗಾಗುತ್ತಿತ್ತು. ಮುಳ್ಳು ನಡುಗುತ್ತ ಕೇಳಿತು: “ಅವ್ವಾ, ಇದನ್ನು ಹೊತ್ತುಕೊಂಡು ಇಷ್ಟು ದೂರ ನಡೆದೇ ಬಂದಿರಾ?”